ನಮ್ಮ ಹುಡುಗರ ಬೆವರನ್ನೂ ನೋಡಿ!

ಕನ್ನಡದ ಯುವಕರೇ, ಮ್ಯಾಂಚೆಸ್ಟರಿನ ತಂಡ ಸೀಸನ್ನಿಗೆ ಮುಂಚೆ ಅಮೆರಿಕದಲ್ಲಿ ಅಭ್ಯಾಸಕ್ಕಿಳಿದರೆ ನೀವಿಲ್ಲಿ ನಿದ್ದೆಗೆಟ್ಟು ಮೊಬೈಲಿನಲ್ಲಿ ನೋಡುತ್ತೀರಿ. ನೋಡಿ, ಬೇಡವೆನ್ನುವುದಿಲ್ಲ. ಆದರೆ ಸಂತೋಷ್ ಟ್ರೋಫಿಗೆ ಹೊರಡುವ ಮುನ್ನ ಕರ್ನಾಟಕ ತಂಡ ಬೆವರು ಹರಿಸುವುದನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ?

1968-69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದಿದ್ದ ಆ ಟ್ರೋಫಿ ಮತ್ತೆ ನಮ್ಮ ಕೈಸೇರಲು 54 ವರ್ಷ ಹಿಡಿಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿದರು ನಮ್ಮ ಹುಡುಗರು. ಎಷ್ಟು ಬೀದಿಯಲ್ಲಿ ಪಟಾಕಿ ಹೊಡೆದಿರಿ?

ಪ್ರೆಸ್ಸಿನವನಾಗಿ ಹೇಳುತ್ತೇನೆ: ಮ್ಯಾಚು ಅಚ್ಚಾದ ಪುಟ, ಅಭ್ಯಾಸ ಅದರ ಪ್ರೂಫು. ತಪ್ಪು ತಿದ್ದುವುದು ಅಲ್ಲೇ.

ಫುಟ್‌ಬಾಲ್ ಸಂಸ್ಥೆಯವರೇ, ಅಭ್ಯಾಸದ ಜಾಗ, ಹೊತ್ತು ಕನ್ನಡದಲ್ಲಿ ಸಾರಿ, ಗೇಟು ತೆಗೆಯಿರಿ. ಹುಡುಗರೇ, ಹೋಗಿ ಬೇಲಿ ಹಿಡಿದು ನಿಲ್ಲಿ. ನಮ್ಮವರನ್ನು ನಾವೇ ನೋಡದಿದ್ದರೆ ಇನ್ಯಾರು ನೋಡಬೇಕು?