ಬೆನ್ನ ಮೇಲಿನ ಅಣಬೆ

‘ನೀವಾದರೂ ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಷ್ಟ್ರೇ. ಆ ಆಟ ಇವನ ತಲೆಯನ್ನೇ ತಿಂದುಹಾಕಿದೆ.’

ಕಳೆದ ಭಾನುವಾರ ಪಕ್ಕದ ಮನೆಯ ತಾಯಿ ಏಳನೆಯ ತರಗತಿಯ ಮಗನನ್ನು ಕೈಹಿಡಿದು ಕರೆತಂದು ನನ್ನೆದುರು ನಿಲ್ಲಿಸಿದರು. ಅವನ ಅಪರಾಧದ ಸಾಕ್ಷಿ ವಿಜ್ಞಾನದ ನೋಟ್ ಪುಸ್ತಕದ ಕೊನೆಯ ಪುಟದಲ್ಲಿತ್ತು. ಏಡಿಯಂಥ ಕೊಂಡಿಗಳು, ಗಿಡ್ಡ ಕಾಲುಗಳು, ಬೆನ್ನ ಮೇಲೆ ಛತ್ರಿಯಂತೆ ಅರಳಿದ ಭಾರೀ ಅಣಬೆ, ಪಾಪೆಯೇ ಇಲ್ಲದ ಬಿಳಿ ಕಣ್ಣು! ಇಂಥದೊಂದು ಪ್ರಾಣಿಯನ್ನು ಹುಡುಗ ಬಣ್ಣದ ಪೆನ್ಸಿಲಿನಲ್ಲಿ ಬಹಳ ಶ್ರದ್ಧೆಯಿಂದ ಬರೆದಿದ್ದ. ಅದೇ ಪುಸ್ತಕದಲ್ಲಿ ಶಿಲೀಂಧ್ರಗಳ ಪಾಠದ ಪ್ರಶ್ನೋತ್ತರ ಮಾತ್ರ ಅರ್ಧಕ್ಕೇ ನಿಂತಿತ್ತು.

‘ಏನಪ್ಪಾ ಇದು?’ ಎಂದೆ.

‘ಪ್ಯಾರಾಸೆಕ್ಟ್, ತಾತ. ಪೋಕೆಮಾನ್.’

‘ಕಣ್ಣಿಗೆ ಪಾಪೆ ಬರೆಯೋದು ಮರೆತೆಯಾ?’

‘ಇಲ್ಲ ತಾತ, ಅದಕ್ಕೆ ಪಾಪೆ ಇರೋದೇ ಇಲ್ಲ. ಹುಳ ಬರೀ ಹೆಸರಿಗೆ. ಅದನ್ನ ಓಡಾಡಿಸೋದೆಲ್ಲ ಬೆನ್ನ ಮೇಲಿರೋ ಅಣಬೆ.’

ತಾಯಿ ಹಣೆ ಚಚ್ಚಿಕೊಂಡರು. ನಾನು ಮಾತ್ರ ಕನ್ನಡಕ ಸರಿಪಡಿಸಿಕೊಂಡು ಆ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಏಕೆಂದರೆ ಹುಡುಗ ಹೇಳಿದ್ದು ಅರ್ಧಕ್ಕಿಂತ ಹೆಚ್ಚು ನಿಜವಾಗಿತ್ತು.

ಹುಳ ಹಿಡಿಯುತ್ತಿದ್ದ ಹುಡುಗ

ಪೋಕೆಮಾನ್ ಆಟ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದದ್ದು 1996ರ ಫೆಬ್ರುವರಿ 27ರಂದು, ಅಂಗೈಯಲ್ಲಿ ಹಿಡಿದು ಆಡುವ ‘ಗೇಮ್ ಬಾಯ್’ ಎಂಬ ಪುಟ್ಟ ಯಂತ್ರಕ್ಕಾಗಿ. ಆಟದಲ್ಲಿ 151 ವಿಚಿತ್ರ ಪ್ರಾಣಿಗಳು. ಅವನ್ನು ಹುಡುಕಿ, ಹಿಡಿದು, ಸಾಕಿ, ಗೆಳೆಯರೊಡನೆ ಅದಲುಬದಲು ಮಾಡಿಕೊಳ್ಳಬೇಕು. ಈ ಕಲ್ಪನೆಯ ಜನಕ ಸತೋಷಿ ತಾಜಿರಿ.

ಟೋಕಿಯೋದ ಅಂಚಿನ ಮಾಚಿದಾ ಎಂಬಲ್ಲಿ ಬೆಳೆದ ಈತನಿಗೆ ಬಾಲ್ಯದಲ್ಲಿ ಹುಳ ಹಿಡಿಯುವ ಹುಚ್ಚು. ಜೊತೆಯ ಹುಡುಗರು ಅವನನ್ನು ‘ಹುಳದ ಡಾಕ್ಟರ್’ ಎಂದೇ ಕರೆಯುತ್ತಿದ್ದರಂತೆ. ಉಳಿದವರು ಮರದ ತೊಗಟೆಗೆ ಜೇನು ಸವರಿ ದುಂಬಿಗಾಗಿ ಕಾಯುತ್ತಿದ್ದರೆ, ಈತ ಮರದ ಬುಡದಲ್ಲಿ ಒಂದು ಕಲ್ಲಿಟ್ಟು ಬರುತ್ತಿದ್ದ. ಹಗಲಲ್ಲಿ ದುಂಬಿಗಳು ಕಲ್ಲಿನಡಿ ಮಲಗುತ್ತವೆ ಎಂಬುದನ್ನು ಅವನು ಗಮನಿಸಿದ್ದ. ಆಮೇಲೆ ಕಲ್ಲೆತ್ತಿದರೆ ಸಾಕು, ದುಂಬಿ ಕೈಗೆ! ಊರು ಬೆಳೆದು ಹೊಲ, ಕೊಳಗಳೆಲ್ಲ ಕಟ್ಟಡಗಳಡಿ ಮುಚ್ಚಿಹೋದಾಗ, ಮುಂದಿನ ಮಕ್ಕಳಿಗೆ ಆ ಸುಖ ಸಿಗಲಿ ಎಂದು ಅದನ್ನು ಆಟದೊಳಗೆ ಕೂರಿಸಿದ. ಹುಳಗಳಿಲ್ಲದ ಊರಿನ ಮಕ್ಕಳಿಗೆ ಹುಳ ಹಿಡಿಯುವ ಆಟ!

ಆ 151ರಲ್ಲಿ 46ನೆಯದು ‘ಪ್ಯಾರಸ್’. ನೆಲದಡಿ ಬಿಲ ತೋಡಿ ಮರದ ಬೇರಿನ ರಸ ಹೀರುವ ಹುಳ. ಅದರ ಬೆನ್ನ ಮೇಲೆ ಎರಡು ಪುಟ್ಟ ಅಣಬೆಗಳು. ಹುಳ ಹೀರಿದ್ದನ್ನು ಅಣಬೆಗಳು ಹೀರುತ್ತವೆ. ಆಟಗಾರ ಅದನ್ನು 24ನೆಯ ಮಟ್ಟಕ್ಕೆ ಬೆಳೆಸಿದಾಗ ಅದು 47ನೆಯ ‘ಪ್ಯಾರಾಸೆಕ್ಟ್’ ಆಗುತ್ತದೆ. ಎರಡು ಅಣಬೆಗಳ ಜಾಗದಲ್ಲಿ ಒಂದೇ ದೈತ್ಯ ಅಣಬೆ. ಕಣ್ಣುಗಳಲ್ಲಿ ಜೀವಕಳೆ ಇಲ್ಲ. ಯೋಚನೆಯನ್ನೆಲ್ಲ ಅಣಬೆಯೇ ಮಾಡುವಂತೆ ಕಾಣುತ್ತದೆ ಎಂದು ಆಟದ ವಿವರಣೆಯಲ್ಲಿದೆ.

(ವಿದ್ಯಾರ್ಥಿಗಳು ಒಂದು ಮಾತು ನೆನಪಿಡಬೇಕು. ಆಟದಲ್ಲಿ ಈ ಬದಲಾವಣೆಗೆ ‘ವಿಕಾಸ’ ಎನ್ನುತ್ತಾರೆ. ಆದರೆ ಡಾರ್ವಿನ್ ಹೇಳಿದ ವಿಕಾಸ ಒಂದು ಪ್ರಾಣಿಯ ಬಾಳಿನಲ್ಲಿ ನಡೆಯುವುದಲ್ಲ, ತಲೆತಲಾಂತರಗಳಲ್ಲಿ ನಡೆಯುವುದು. ಕಂಬಳಿಹುಳು ಚಿಟ್ಟೆಯಾಗುವುದು ರೂಪಾಂತರ. ಪರೀಕ್ಷೆಯಲ್ಲಿ ಇವೆರಡನ್ನು ಬೆರೆಸಿದರೆ ಅಂಕ ಹೋದೀತು!)

ಚಳಿಗಾಲದಲ್ಲಿ ಹುಳು, ಬೇಸಿಗೆಯಲ್ಲಿ ಹುಲ್ಲು

‘ಈ ಥರ ನಿಜವಾಗ್ಲೂ ಇದೆಯಾ ತಾತ?’ ಎಂದ ಹುಡುಗ. ಇದೆ. ಆಟದಲ್ಲೇ ಆ ಅಣಬೆಯನ್ನು ‘ತೋಚುಕಾಸೋ’ ಎಂದು ಹೆಸರಿಸಿದ್ದಾರೆ. ‘ಚಳಿಗಾಲದಲ್ಲಿ ಹುಳು, ಬೇಸಿಗೆಯಲ್ಲಿ ಹುಲ್ಲು’ ಎಂದು ಆ ಜಪಾನಿ ಮಾತಿನ ಅರ್ಥ. ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಮಣ್ಣಿನಡಿ ಬಾಳುವ ಒಂದು ಬಗೆಯ ಪತಂಗದ ಮರಿಹುಳುವಿನೊಳಗೆ ಶಿಲೀಂಧ್ರವೊಂದು ಹೊಕ್ಕು ಅದನ್ನು ಕೊಲ್ಲುತ್ತದೆ. ಹಿಮ ಕರಗಿದ ಮೇಲೆ ಸತ್ತ ಹುಳುವಿನ ತಲೆಯಿಂದ ಕಂದು ಕಡ್ಡಿಯೊಂದು ಹುಲ್ಲಿನೆಸಳಿನಂತೆ ನೆಲದ ಮೇಲೆ ಇಣುಕುತ್ತದೆ. ನಮ್ಮ ಉತ್ತರಾಖಂಡದಲ್ಲಿ ಇದಕ್ಕೆ ‘ಕೀಡಾ ಜಡಿ’ ಎಂದು ಹೆಸರು. ಔಷಧಿಯೆಂದು ಇದಕ್ಕೆ ವಿಪರೀತ ಬೆಲೆ ಬಂದು, ಬೇಸಿಗೆಯಲ್ಲಿ ಬೆಟ್ಟದ ಹಳ್ಳಿಗರು ಮೊಣಕಾಲೂರಿ ಹುಲ್ಲಿನ ನಡುವೆ ಇದನ್ನು ಹುಡುಕುತ್ತಾರೆ. ಹೀಗೆ ಕಿತ್ತೂ ಕಿತ್ತೂ ಇದು ಅಪಾಯದಂಚಿಗೆ ಬಂದಿದೆ ಎಂದು 2020ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿಸಲಾಯಿತು.

ಇದೇ ಬಳಗದ ಇನ್ನೊಂದು ಶಿಲೀಂಧ್ರ ಇರುವೆಯ ಬೆನ್ನು ಹತ್ತುತ್ತದೆ. ಬಿಸಿಲುನಾಡಿನ ಮಳೆಕಾಡುಗಳಲ್ಲಿ ಮರದ ಮೇಲೆ ಗೂಡು ಕಟ್ಟುವ ಇರುವೆಯ ಮೈಯೊಳಗೆ ಅದು ಸೇರಿಕೊಂಡಿತೆಂದರೆ, ಇರುವೆ ತನ್ನ ಸಾಲು ಬಿಟ್ಟು ಅಲೆಯತೊಡಗುತ್ತದೆ. ಕೊನೆಗೆ ತಗ್ಗಿನ ಗಿಡವೊಂದರ ಎಲೆಯ ಅಡಿಗೆ ಹೋಗಿ, ಅದರ ನರವನ್ನು ಕಚ್ಚಿ ಹಿಡಿದು ಅಲ್ಲೇ ಸಾಯುತ್ತದೆ. ಥಾಯ್ಲೆಂಡಿನ ಕಾಡಿನಲ್ಲಿ ಅಳೆದು ನೋಡಿದವರಿಗೆ ಇಂಥ ಇರುವೆಗಳು ಸಿಕ್ಕಿದ್ದು ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದಲ್ಲಿ. ಅಣಬೆ ಬೆಳೆಯಲು ಬೇಕಾದ ತಂಪು, ತೇವ ಅಲ್ಲಿರುತ್ತದೆ. ಆಮೇಲೆ ಇರುವೆಯ ತಲೆಯ ಹಿಂಬದಿಯಿಂದ ಕಡ್ಡಿ ಮೂಡಿ, ಬೀಜಕಗಳು ಕೆಳಗೆ ಉದುರುತ್ತವೆ. ಕೆಳಗೆ ಓಡಾಡುವ ಇರುವೆಗಳಿಗೆ ಮತ್ತೆ ಅದೇ ಗತಿ!

‘ಅಂದರೆ ಅದರ ಮೆದುಳು ಅಣಬೆ ತಿಂದುಹಾಕತ್ತೆ, ಅಲ್ವಾ?’

ಬಹುಕಾಲ ಅನೇಕರು ಹಾಗೆಯೇ ಭಾವಿಸಿದ್ದರು. ಆದರೆ 2017ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಸೋಂಕಿದ ಇರುವೆಗಳನ್ನು ತೆಳ್ಳಗೆ ಹೆಚ್ಚಿ, ಸೂಕ್ಷ್ಮದರ್ಶಕದಡಿ ಚಿತ್ರ ತೆಗೆದು ನೋಡಿದಾಗ ಕಂಡದ್ದೇ ಬೇರೆ. ಶಿಲೀಂಧ್ರದ ಕೋಶಗಳು ಕಾಲು, ಎದೆ, ದವಡೆಗಳ ಸ್ನಾಯುಗಳನ್ನೆಲ್ಲ ಬಲೆಯಂತೆ ಸುತ್ತುವರಿದಿದ್ದವು. ಮೆದುಳಿನೊಳಗೆ ಮಾತ್ರ ಅವು ಹೊಕ್ಕಿರಲಿಲ್ಲ! ಹಾಗಾದರೆ ಅಣಬೆ ಇರುವೆಯನ್ನು ಹೇಗೆ ಆಡಿಸುತ್ತದೆ? ಅದು ಸ್ರವಿಸುವ ರಾಸಾಯನಿಕಗಳ ಕೈವಾಡವಿರಬಹುದೆಂದು ಊಹೆ. ಏಳನೆಯ ತರಗತಿಯ ಹುಡುಗನೊಬ್ಬ ಮುಂದೆ ಬಿಡಿಸಬಹುದಾದಷ್ಟು ಒಗಟು ಇನ್ನೂ ಉಳಿದಿದೆ.

ಶತ್ರು ನಂಟನಾದ ಬಗೆ

ತಾಯಿಯೂ ಅಷ್ಟು ಹೊತ್ತಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು. ‘ನೀವು ಹೇಳ್ತಿರೋದು ಇವನ ಕಥೆಯೇ ಆಯ್ತಲ್ಲ ಮೇಷ್ಟ್ರೇ. ಇವನ ಬೆನ್ನ ಮೇಲೂ ಅಂಥದ್ದೇ ಅಣಬೆ ಕೂತಿದೆ’ ಎಂದರು. ಅವರ ಭಯ ಸುಳ್ಳಲ್ಲ. ಮಾವಿನ ಮರಕ್ಕೆ ಹತ್ತಿದ ಬದನಿಕೆಯನ್ನು ನೋಡಿದವರಿಗೆ, ಬಂದವರು ಮನೆಯ ಯಜಮಾನರಾಗುವುದು ಹೇಗೆಂದು ಬೇರೆ ಹೇಳಬೇಕಿಲ್ಲ. ಆಡುವ ಹುಡುಗನನ್ನೇ ಆಟ ಆಡಿಸತೊಡಗಿ, ಊಟ, ನಿದ್ದೆ, ಓದು ಒಂದೊಂದಾಗಿ ಬತ್ತುತ್ತ ಹೋದರೆ ಯಾವ ಹೆತ್ತವರು ಸುಮ್ಮನಿದ್ದಾರು?

ಆದರೆ ಪ್ಯಾರಸ್‌ನ ಕಥೆಗೆ ಇನ್ನೊಂದು ಕೊನೆಯೂ ಇದೆ. ಜೀರುಂಡೆ ನಿಮಗೆಲ್ಲ ಗೊತ್ತು. ಕಾಡಿನಲ್ಲಿ ಕಿವಿಗಡಚಿಕ್ಕುವಂತೆ ಕೂಗುವ ಹುಳ. ಅದರ ಮರಿಯೂ ಪ್ಯಾರಸ್‌ನಂತೆಯೇ ನೆಲದಡಿ ಬೇರಿನ ರಸ ಹೀರಿ ವರ್ಷಗಟ್ಟಲೆ ಬಾಳುತ್ತದೆ. ಆ ರಸದಲ್ಲಿ ಪೋಷಕಾಂಶ ಕಡಿಮೆ. ಕೊರತೆಯನ್ನು ತುಂಬಿಕೊಡುವುದು ಜೀರುಂಡೆಯ ಮೈಯೊಳಗೇ ಮನೆಮಾಡಿದ ಸೂಕ್ಷ್ಮಜೀವಿಗಳು. 2018ರಲ್ಲಿ ಜಪಾನಿನ ವಿಜ್ಞಾನಿಗಳು ಅಲ್ಲಿನ ಜೀರುಂಡೆಗಳನ್ನು ಪರೀಕ್ಷಿಸಿದಾಗ, ಹಲವು ಜಾತಿಗಳಲ್ಲಿ ಹಳೆಯ ಬ್ಯಾಕ್ಟೀರಿಯವೊಂದು ಮಾಯವಾಗಿ ಅದರ ಜಾಗದಲ್ಲಿ ಒಂದು ಶಿಲೀಂಧ್ರ ಕೂತಿತ್ತು. ವಂಶಾವಳಿ ಕೆದಕಿದರೆ ಅದು ಜೀರುಂಡೆಗಳನ್ನೇ ಕೊಲ್ಲುವ ಅಣಬೆಗಳ ಹತ್ತಿರದ ನೆಂಟ! ಕೊಲ್ಲಲು ಬಂದದ್ದು ಎಷ್ಟೋ ತಲೆಮಾರುಗಳಲ್ಲಿ ಪಳಗಿ, ಈಗ ಜೀರುಂಡೆಗೆ ಬೇಕಾದ ಅಮೈನೊ ಆಮ್ಲಗಳನ್ನು ತಯಾರಿಸಿ ಕೊಟ್ಟು ಅದನ್ನು ಬದುಕಿಸುತ್ತಿದೆ.

ಬೆನ್ನೇರಿದ್ದೆಲ್ಲ ಹೀರಿಯೇ ಹೀರಬೇಕೆಂದಿಲ್ಲ ಎಂದಾಯಿತು. ಆದರೆ ಪಳಗಿಸುವ ಕೆಲಸ ತಾನಾಗಿ ಆಗುವುದಿಲ್ಲ. ಕೀಟಲೋಕದಲ್ಲಿ ಅದಕ್ಕೆ ಯುಗಗಳು ಬೇಕು. ಮನೆಯಲ್ಲಿ ಒಂದು ಪ್ರಶ್ನೆ ಸಾಕಾಗಬಹುದು. ‘ಅದನ್ನು ಮೊದಲು ಕೆಳಗಿಡು’ ಎನ್ನುವ ಮುನ್ನ ‘ಅದರ ಕಣ್ಣು ಯಾಕೆ ಬಿಳಿ?’ ಎಂದು ಕೇಳಿ ನೋಡಿ. ಉತ್ತರ ಕೇಳಿಸಿಕೊಂಡ ಮೇಲೆ ‘ಇನ್ನು ಕೆಳಗಿಡು’ ಎನ್ನುವ ಅಧಿಕಾರ ನಿಮಗೆ ಇದ್ದೇ ಇದೆ. ಕೇಳಿಸಿಕೊಂಡವರ ಮಾತನ್ನು ಮಕ್ಕಳು ಸ್ವಲ್ಪ ಬೇಗ ಕೇಳುತ್ತಾರೆ.

ತಾಯಿ-ಮಗನ ನಡುವೆ ಅಂದು ಒಂದು ಒಪ್ಪಂದವಾಯಿತು. ಆಟ ದಿನಕ್ಕೆ ಅರ್ಧ ಗಂಟೆ; ಅರ್ಧಕ್ಕೆ ನಿಂತ ಪ್ರಶ್ನೋತ್ತರ ಅವತ್ತೇ ಪೂರ್ತಿ. ಹುಡುಗನೂ ಒಂದು ಷರತ್ತು ಹಾಕಿದ. ನೆಲದಿಂದ ಮೇಲೆದ್ದ ಜೀರುಂಡೆ ಮರಿ ಮರದ ಕಾಂಡಕ್ಕೆ ಅಂಟಿಕೊಂಡು ಪೊರೆ ಬಿಟ್ಟು ಹಾರಿಹೋಗುತ್ತದೆ ಎಂದು ನಾನು ಹೇಳಿದ್ದೆನಲ್ಲ, ಆ ಪೊರೆ ಹುಡುಕಲು ಅಮ್ಮ ಜೊತೆಗೆ ಬರಬೇಕಂತೆ.

ನೀವೂ ಹುಡುಕಿ. ಒಣಗಿದ, ಕಂದುಬಣ್ಣದ, ಬೆನ್ನು ಸೀಳಿದ ಪುಟ್ಟ ಕವಚ. ಸಿಕ್ಕರೆ ಮಗುವಿನ ಅಂಗೈ ಮೇಲಿಡಿ. ಪ್ಯಾರಸ್‌ನ ಮುಖ ಎಲ್ಲಿಂದ ಬಂದಿರಬಹುದೆಂದು ಅದು ನಿಮಗೇ ಹೇಳಿಕೊಡುತ್ತದೆ.