ಕವರ್‌ನಲ್ಲಿ ನಿಂತ ಪಾಂಡೆ
ನಮ್ಮ ಊರುಗಳ ಬಯಲಲ್ಲಿ ಚೆಂಡಾಟವೆಂದರೆ ಕ್ರಿಕೆಟ್ಟೇ. ಅಲ್ಲಿ ಬೌಂಡರಿ ಕಾಯುವ ಹುಡುಗರಿಗೆ ನಾನು ತೋರಿಸುವ ಆಟಗಾರ ಮನೀಷ್ ಪಾಂಡೆ. 1989ರಲ್ಲಿ ನೈನಿತಾಲ್‌ನಲ್ಲಿ ಹುಟ್ಟಿ ಕರ್ನಾಟಕಕ್ಕೆ ಆಡಿದವರು, 2009ರಲ್ಲಿ ಐಪಿಎಲ್ ಶತಕ ಹೊಡೆದ ಮೊದಲ ಭಾರತೀಯ. 2010ರ ಜನವರಿಯಲ್ಲಿ ಮೈಸೂರಿನ ರಣಜಿ ಫೈನಲ್‌ನಲ್ಲಿ ಅವರು 144 ರನ್ ಗಳಿಸಿದರೂ ಮುಂಬೈ ಎದುರು ನಾವು ಸೋತದ್ದು ಬರೀ 6 ರನ್‌ಗಳಿಂದ. ಆ ನೋವು ಇನ್ನೂ ಮಾಸಿಲ್ಲ. 2016ರಲ್ಲಿ ಸಿಡ್ನಿಯಲ್ಲಿ ಅಜೇಯ 104. ಆದರೂ ನನಗೆ ಎಲ್ಲಕ್ಕಿಂತ ದೊಡ್ಡದು 2020ರ ರಾಜ್‌ಕೋಟ್: ಶಮಿ ಎಸೆತವನ್ನು ವಾರ್ನರ್ ಕವರ್‌ನತ್ತ ಬಾರಿಸಿದಾಗ ಮೇಲಕ್ಕೆ ಜಿಗಿದು ಒಂದೇ ಕೈಯಲ್ಲಿ ಹಿಡಿದ ಕ್ಯಾಚ್. ಸ್ಕೋರ್ ಪಟ್ಟಿಯಲ್ಲಿ ಕ್ಯಾಚ್‌ಗೆ ಹೆಸರಾದರೂ ಸಿಗುತ್ತದೆ. ಓಡಿ ಬಿದ್ದು ಉಳಿಸಿದ ರನ್‌ಗಳಿಗೆ ಅಲ್ಲಿ ಜಾಗವೇ ಇಲ್ಲ, ಇರಬೇಕಿತ್ತು.