ಕಟ್ಟೆಯ ಮಾತು: ಗುಹೆಯ ಬಾಗಿಲಲ್ಲಿ ನಾಯಿ

ಕಾಚಿಗುಡದ ಕಡೆಯ ಸೋದರಿಯೊಬ್ಬರು ಈ ಸಲ ನಮ್ಮ ಕಟ್ಟೆಗೆ ಒಂದು ಪ್ರಶ್ನೆ ಕಳಿಸಿದ್ದಾರೆ. ವಯಸ್ಸು ಅರವತ್ತೆರಡು, ಉಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಒಂದು ವ್ಯಾನು ಕೊಂಡಿದ್ದಾರೆ. ಅದರೊಳಗೆ ಮಂಚ, ಒಲೆ, ನೀರಿನ ಡ್ರಮ್ಮು ಕೂಡಿಸಿ ಅದನ್ನೊಂದು ಮನೆಗಾಡಿ ಮಾಡಿಕೊಂಡು, ಸಾಕಿದ ನಾಯಿಯೊಡನೆ ಬೇಲಂ ಗುಹೆಗಳನ್ನು ನೋಡಿಬರಬೇಕೆಂಬುದು ಅವರ ಆಸೆ. ಮಕ್ಕಳದು ಒಂದೇ ಹಟ: "ಈ ವಯಸ್ಸಿನಲ್ಲಿ ಒಬ್ಬಳೇ ಎಲ್ಲಿಗಮ್ಮ?" ನ್ಯಾಯ ಹೇಳುವ ಭಾರ ಈಗ ನನ್ನ ತಲೆಗೆ ಬಂದಿದೆ.

ಹೊರಡಿ ಅಕ್ಕ, ಖಂಡಿತ ಹೊರಡಿ. ಆದರೆ ಮಕ್ಕಳು ಕೇಳುತ್ತಿರುವ ಪ್ರಶ್ನೆ ಒಂದು, ಕೇಳಬೇಕಾಗಿರುವ ಪ್ರಶ್ನೆ ಇನ್ನೊಂದು. ಅಮ್ಮ ಒಬ್ಬಳೇ ಹೇಗೆ ಹೋದಾಳು ಎಂಬುದಲ್ಲ. ಅಮ್ಮ ನೆಲದ ಕೆಳಗಿಳಿದಾಗ ನಾಯಿ ಎಲ್ಲಿರುತ್ತದೆ ಎಂಬುದು.

ಮೊದಲು ಗಾಡಿಯ ಮಾತು ಮುಗಿಸಿಬಿಡೋಣ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ಗಾಡಿಯ ಮೂಲ ರೂಪವನ್ನು ಒಡೆಯರು ತಮ್ಮ ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಬಡಗಿಯನ್ನು ಕರೆಸುವುದಕ್ಕೆ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ದಾರಿ ಸುಗಮವಾದದ್ದು. ಹೈದರಾಬಾದಿನಿಂದ ಬೇಲಂಗೆ ಸುಮಾರು ೩೨೦ ಕಿಲೋಮೀಟರು. ಒಂದೇ ದಿನಕ್ಕೆ ಮುಗಿಸಬಹುದು, ಆದರೆ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಹೊರಟವರಿಗೆ ಆತುರವೇಕೆ? ಕರ್ನೂಲಿಗೆ ಮೊದಲೇ ಹೆದ್ದಾರಿಯಿಂದ ತುಸು ಒಳಗೆ ಆಲಂಪುರವಿದೆ. ಅಲ್ಲಿಯ ನವಬ್ರಹ್ಮ ದೇವಾಲಯಗಳು ನಮ್ಮ ಬಾದಾಮಿ ಚಾಲುಕ್ಯರ ಕಾಲದವು. ಪಕ್ಕದಲ್ಲೇ ತುಂಗಭದ್ರೆ. ತೀರ್ಥಹಳ್ಳಿ, ಹರಿಹರ, ಹಂಪೆಗಳನ್ನು ಕಂಡು ಬಂದ ನೀರು. ನಮ್ಮ ಕಡೆಯವರು ಅಲ್ಲಿ ಕಾಲು ತೊಳೆಯದೆ ಮುಂದಕ್ಕೆ ಹೋಗುವುದುಂಟೆ? ಆದರೆ ನಾಯಿಯ ಸಮಸ್ಯೆ ಅಲ್ಲಿಂದಲೇ ಆರಂಭ. ಕೇಂದ್ರ ಸರಕಾರ ರಕ್ಷಿಸಿರುವ ಸ್ಮಾರಕಗಳ ಆವರಣದೊಳಗೆ ಪ್ರಾಣಿಗಳನ್ನು ಕರೆತರಬಾರದೆಂದು ೧೯೫೯ರ ನಿಯಮಗಳಲ್ಲೇ ಇದೆ. ಆಲಂಪುರಕ್ಕೂ, ಬಾದಾಮಿಗೂ, ಅಜಂತಕ್ಕೂ ಅದೇ ಕಟ್ಟಳೆ.

ಇನ್ನು ಬೇಲಂ. ಗುಹೆಯೆಂದರೆ ಬೆಟ್ಟ ಹತ್ತಬೇಕೆಂದು ಎಣಿಸಿಕೊಂಡು ಹೋದವರಿಗೆ ಅಲ್ಲಿ ಕಾಣುವುದು ಬರಿಯ ಬಯಲು. ನೆಲದಲ್ಲಿ ಬಾವಿಯಂಥ ಮೂರು ಕುಳಿಗಳು, ನಡುವಣದೇ ಬಾಗಿಲು. ಕೆಳಗಿರುವುದು ಸುಣ್ಣಕಲ್ಲು. ಮಣ್ಣಿನಲ್ಲಿ ಇಂಗಿದ ನೀರು ಇಂಗಾಲಾಮ್ಲ ಬೆರೆತು ತುಸು ಹುಳಿಯಾಗುತ್ತದೆ. ಆ ಹುಳಿನೀರು ಬಿರುಕುಗಳಿಗಿಳಿದು ಕಲ್ಲನ್ನೇ ಕರಗಿಸುತ್ತ ಹೋದದ್ದರಿಂದ ಈ ಓಣಿಗಳಾದವು. ಕರಗಿದ ಸುಣ್ಣ ಸೂರಿನಿಂದ ತೊಟ್ಟಿಕ್ಕಿ, ಎಷ್ಟೋ ಸಾವಿರ ವರ್ಷಗಳಲ್ಲಿ ಜಡೆಗಳಾಗಿ, ಲಿಂಗಗಳಾಗಿ, ಹಾವಿನ ಹೆಡೆಗಳಾಗಿ ನಿಂತಿದೆ. ಒಂದು ಕಡೆ ಆಲದ ಬಿಳಲುಗಳೇ ಇಳಿಬಿದ್ದಂತೆ ಕಾಣುತ್ತದೆ. ಮತ್ತೊಂದು ಕಡೆಯ ಕಲ್ಲುಜಡೆಗಳು ತಟ್ಟಿದರೆ ನಾದ ಕೊಡುತ್ತವಂತೆ. ಅದಕ್ಕೆ ಸಪ್ತಸ್ವರ ಗುಹೆಯೆಂದೇ ಹೆಸರು. ಎಲ್ಲಕ್ಕಿಂತ ಆಳದಲ್ಲಿ, ಬಾಗಿಲಿನಿಂದ ೪೬ ಮೀಟರು ಕೆಳಗೆ, ಪಾತಾಳಗಂಗೆ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಹೆಯನ್ನು ದಾಖಲೆಗೆ ತಂದದ್ದು ೧೮೮೪ರಲ್ಲಿ. ಅದೇ ಸೀಮೆಯ ಬೇತಂಚೆರ್ಲದ ಹತ್ತಿರದ ಬಿಲ್ಲಸುರ್ಗಂ ಗುಹೆಗಳನ್ನು ಫೂಟರೂ ಅವರ ಮಗನೂ ಅಗೆಸಿದಾಗ ಘೇಂಡಾಮೃಗದ ಮೂಳೆಗಳು ಕೂಡ ಸಿಕ್ಕವು. ಕರ್ನೂಲಿನ ಬಿಸಿಲಿನಲ್ಲಿ ಘೇಂಡಾಮೃಗ! ಬೇಲಂ ಮಾತ್ರ ಆಮೇಲೆ ಸುಮಾರು ನೂರು ವರ್ಷ ಹಾಗೆಯೇ ಬಿದ್ದಿತ್ತು. ೧೯೮೨-೮೩ರಲ್ಲಿ ಡೇನಿಯಲ್ ಗೆಬೌವರ್ ಎಂಬವರ ಜರ್ಮನ್ ತಂಡ ಬಂದು ಒಳಗನ್ನೆಲ್ಲ ಅಳೆಯಿತು. ಒಟ್ಟು ಉದ್ದ ೩೨೨೯ ಮೀಟರು. ೨೦೦೨ರಿಂದ ಜನರಿಗೆ ಪ್ರವೇಶವಿದೆ. ದೀಪ ಹಾಕಿ, ಕೊಳವೆಯಿಂದ ಗಾಳಿಯೂಡಿ ನಡೆದಾಡಲು ಅನುಕೂಲ ಮಾಡಿರುವುದು ಒಂದೂವರೆ ಕಿಲೋಮೀಟರಿನಷ್ಟು. ನೋಡಿಬರಲು ಒಂದು ಗಂಟೆಗೆ ಕಡಿಮೆಯಿಲ್ಲ.

ಆ ಒಂದು ಗಂಟೆ ನಾಯಿಯ ಗತಿಯೇನು?

ಒಳಗೆ ಕರೆದೊಯ್ಯುವ ಯೋಚನೆಯನ್ನೇ ಬಿಡಿ. ಆ ಸೆಕೆಯಲ್ಲಿ ಮನುಷ್ಯರೇ ಬೆವರಿ ತೊಪ್ಪೆಯಾಗುತ್ತಾರೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವ ಭಾಗ್ಯವಿಲ್ಲ. ನಾಲಗೆ ಚಾಚಿ ತೇಕಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. "ವ್ಯಾನಿನಲ್ಲೇ ಬಿಟ್ಟು, ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟರಾಯಿತು" ಎಂದು ಹೇಳುವವರಿದ್ದಾರೆ. ಅವರ ಮಾತು ಕೇಳಬೇಡಿ. ಹೊರಗೆ ಹಿತವಾದ ೨೪ ಡಿಗ್ರಿ ಇದ್ದಾಗಲೂ ಬಿಸಿಲಿಗೆ ನಿಂತ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ ೪೩ ಡಿಗ್ರಿಯಾಗುತ್ತದೆ. ಕಿಟಕಿಯ ನಾಲ್ಕು ಬೆರಳಿನಿಂದ ಹೆಚ್ಚೇನೂ ಉಪಕಾರವಿಲ್ಲ. ರಾಯಲಸೀಮೆಯ ಬೇಸಗೆಯಲ್ಲಿ ಹೊರಗೇ ೪೦ ದಾಟುತ್ತದೆ. ಅಕ್ಕ ಪಾತಾಳಗಂಗೆಯನ್ನು ನೋಡಿ ಧನ್ಯರಾಗಿ ಮೇಲೆ ಬರುವಷ್ಟರಲ್ಲಿ ಗಾಡಿಯಲ್ಲಿ ಜೀವ ಇರುವುದಿಲ್ಲ.

ನಾಯಿಗಾಗಿ ಇಷ್ಟು ಚಿಂತೆಯೇ ಎಂದು ಹುಬ್ಬೇರಿಸುವವರು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಕಲ್ಲನ್ನು ನೋಡಬೇಕು. ಕ್ರಿ.ಶ. ೯೪೯-೫೦ರದು. ಗಂಗರ ಬೂತುಗನ ವೀರ ಮಣಲೇರ, ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ತನ್ನ ನಾಯಿಗಾಗಿ ನಿಲ್ಲಿಸಿದ ಕಲ್ಲು. ಮೇಲೆ ಹಂದಿ-ನಾಯಿಗಳ ಕಾಳಗದ ಚಿತ್ರವೂ ಇದೆ. ಧರ್ಮರಾಯನಂತೂ ನಾಯಿಗೆ ಜಾಗವಿಲ್ಲವೆಂದಾಗ ಇಂದ್ರನ ರಥವನ್ನೇ ಹತ್ತಲೊಲ್ಲೆನೆಂದ. ನಾವು ಒಂದು ಗುಹೆಯ ಟಿಕೆಟ್ಟಿನ ಮುಂದೆ ನಿಂತಿದ್ದೇವೆ, ಅಷ್ಟೆ.

ಮತ್ತೊಂದು ಮಾತು. ಗುಹೆ ಹೊಗುವ ಹವ್ಯಾಸದವರು ಎಂದೂ ಒಂಟಿಯಾಗಿ ಇಳಿಯುವುದಿಲ್ಲ. ನಾಲ್ಕು ಜನರಿದ್ದರೆ ಒಳ್ಳೆಯದೆನ್ನುತ್ತಾರೆ: ಒಬ್ಬರ ಕಾಲು ಉಳುಕಿದರೆ ಒಬ್ಬರು ಪಕ್ಕದಲ್ಲಿ ಕೂತಿರಲು, ಇಬ್ಬರು ನೆರವು ತರಲು. ತಲೆಗೆ ಮೂರರಂತೆ ದೀಪ. ಬೇಲಂನ ದೀಪ ಹಾಕಿದ ಓಣಿಗಳಿಗೆ ಇಷ್ಟು ಸಿದ್ಧತೆ ಬೇಡ. ಆದರೆ ಅಲ್ಲಿ ಸಿಕ್ಕ ರುಚಿಯಿಂದ ಆ ಸೀಮೆಯ ಕತ್ತಲ ಬಿಲಗಳಿಗೂ ತಲೆ ಹಾಕುವ ಉಮೇದು ಬಂದರೆ, ದಯವಿಟ್ಟು ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಹಾಗಾದರೆ ನನ್ನ ತೀರ್ಪು ಇದು. ಡಿಸೆಂಬರ್-ಜನವರಿಯಲ್ಲಿ ಹೊರಡಿ. ನಾಯಿಯ ಹುಚ್ಚುರೋಗದ ಚುಚ್ಚುಮದ್ದಿನ ಪುಸ್ತಕ ಜೊತೆಗಿರಲಿ. ದಾರಿಯುದ್ದಕ್ಕೂ ನೀವಿಬ್ಬರೇ ಇರಿ. ಆಲಂಪುರದಲ್ಲಿ ನದಿ ನೋಡಿ, ರಾತ್ರಿ ಜನವಿರುವ ಕಡೆ ಗಾಡಿ ನಿಲ್ಲಿಸಿ. ಆದರೆ ಆಕ್ಷೇಪಣೆ ಎತ್ತಿದ ಮಕ್ಕಳಲ್ಲಿ ಒಬ್ಬರು ರೈಲಿನಲ್ಲೋ ಬಸ್ಸಿನಲ್ಲೋ ತಾಡಿಪತ್ರಿಗೆ ಬಂದು ಇಳಿಯಲಿ. ಬೇಲಂ ಅಲ್ಲಿಂದ ಮೂವತ್ತು ಕಿಲೋಮೀಟರಿನ ಆಸುಪಾಸು; ನೀವೇ ಹೋಗಿ ಕರೆತನ್ನಿ. ಬೆಳಗ್ಗೆ ಟಿಕೆಟ್ಟು ಕೊಡಲು ಆರಂಭಿಸುವ ಹೊತ್ತಿಗೇ ಬಾಗಿಲಲ್ಲಿರಿ. ಮೊದಲ ಸರದಿ ನಿಮ್ಮದು. ಮಗನೋ ಮಗಳೋ ಮರದ ನೆರಳಿನಲ್ಲಿ ನಾಯಿಯ ಹಗ್ಗ ಹಿಡಿದು, ನೀರಿನ ಬಟ್ಟಲಿಟ್ಟುಕೊಂಡು ಕುಳಿತಿರಲಿ. ಆಮೇಲೆ ಸರದಿ ಬದಲಾಯಿಸಿ.

ಹೋಗಿಬಂದಮೇಲೆ ಎರಡು ಪುಟ ಬರೆದು ಕಳಿಸಿ, ಅಕ್ಕ. ಸಪ್ತಸ್ವರ ಗುಹೆಯ ಕಲ್ಲು ಯಾವ ಶ್ರುತಿಯಲ್ಲಿದೆ ಎಂಬುದನ್ನು ತಿಳಿಸಲು ಮಾತ್ರ ಮರೆಯಬೇಡಿ.